ಹೊಯ್ಸಳ ಛಾವಣಿಗಳಿಗೆ ಒಂದು ವೈಡ್ ಲೆನ್ಸ್: ಇಲ್ಲಿಯ ತನಕ ಆದ ಕೆಲಸ

ಹೊಯ್ಸಳ ಗುಡಿಗಳ ಛಾವಣಿಗಳನ್ನು ಒಂದೊಂದಾಗಿ ಚಿತ್ರ ತೆಗೆದು ಕೂಡಿಡಬೇಕು ಅನ್ನುವುದು ನನ್ನ ಈ ವರ್ಷದ ಕೆಲಸ. ಗುಡಿಗೆ ಬಂದವರು ಹೊರಗೋಡೆಯ ಆನೆಸಾಲು, ದೇವತೆಗಳ ಮೂರ್ತಿಗಳನ್ನು ಮನಸಾರೆ ನೋಡುತ್ತಾರೆ. ಒಳಗೆ ಹೋದ ಮೇಲೆ ತಲೆ ಎತ್ತಿ ನೋಡುವವರು ಕಡಿಮೆ. ಸೋಮನಾಥಪುರದ ಕೇಶವ ಗುಡಿಯಲ್ಲಿ ಒಂದೊಂದು ಅಂಕಣದ (ನಾಲ್ಕು ಕಂಬಗಳ ನಡುವಿನ ಜಾಗದ) ಮೇಲೂ ಒಂದೊಂದು ಭುವನೇಶ್ವರಿ, ಅಂದರೆ ಒಳಕ್ಕೆ ಕೆತ್ತಿದ ಛಾವಣಿ, ಇದೆ. ಸುತ್ತುಸುತ್ತಾಗಿ ಒಳಕ್ಕೆ ಸರಿಯುತ್ತಾ ಹೋಗುವ ಕೆತ್ತನೆ, ನಡುವೆ ಕೆಳಕ್ಕೆ ಇಳಿಬಿಟ್ಟ ಮೊಗ್ಗು. 13ನೇ ಶತಮಾನದಲ್ಲಿ, ಮೂರನೇ ನರಸಿಂಹನ ಕಾಲದಲ್ಲಿ, ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಇದು. ನನಗೆ ಮೈಸೂರಿನಿಂದ ಹತ್ತಿರ. ಹಾಗಾಗಿ ಶುರು ಇಲ್ಲಿಂದಲೇ.

ಕೈಯಲ್ಲಿ ಇರುವುದು ಸೋನಿ ಎ7 ಮಾರ್ಕ್ 3 ಕ್ಯಾಮೆರಾ ಮತ್ತು ಟ್ಯಾಮ್ರಾನ್ 28–75 ಎಫ್ 2.8 ಲೆನ್ಸ್. 28–75 ಅಂದರೆ ಮಿ.ಮೀ.ನಲ್ಲಿ ಫೋಕಲ್ ಲೆಂಗ್ತ್, ಅದು ಕಡಿಮೆಯಾದಷ್ಟೂ ನೋಟ ಅಗಲ. ಎಫ್ ಅಂದರೆ ಬೆಳಕು ಬಿಡುವ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಅಂಕಣದ ಕೆಳಗೆ ನಿಂತು 28ರಲ್ಲಿ ಮೇಲಕ್ಕೆ ನೋಡಿದರೆ ಮೊಗ್ಗು ಬರುತ್ತದೆ, ಒಳಗಿನ ಸುತ್ತುಗಳು ಬರುತ್ತವೆ, ಹೊರಗಿನ ಚೌಕ ಕತ್ತರಿಸಿ ಹೋಗುತ್ತದೆ. ನನಗೆ ಚೌಕದ ನಾಲ್ಕು ಮೂಲೆಗಳೂ ಬೇಕು. ಮೂಲೆಗಳಲ್ಲೇ ಚೌಕ ಹೇಗೆ ಎಂಟು ಮೂಲೆಯಾಗಿ, ಆಮೇಲೆ ವೃತ್ತವಾಗಿ ತಿರುಗುತ್ತದೆ ಅನ್ನುವುದು ಕಾಣುವುದು.

ಮೊದಲು ಲೆಕ್ಕ

ನನ್ನ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಫುಲ್ ಫ್ರೇಮ್ ಸೆನ್ಸರ್ 36 × 24 ಮಿ.ಮೀ. ಛಾವಣಿ ಚೌಕವಾಗಿರುವುದರಿಂದ ನನಗೆ ಮುಖ್ಯ ಚಿಕ್ಕ ಬದಿ, ಅಂದರೆ 24. ಅದನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಎಷ್ಟು ಅಗಲ ಹಿಡಿಯುತ್ತದೆ ಅಂತ ಸಿಗುತ್ತದೆ. 24 ಮಿ.ಮೀ. ಲೆನ್ಸ್‌ನಲ್ಲಿ ದೂರ ಎಷ್ಟೋ ಅಗಲವೂ ಅಷ್ಟೇ. 20ರಲ್ಲಿ ದೂರದ 1.2 ಪಟ್ಟು, 17ರಲ್ಲಿ 1.4 ಪಟ್ಟು, 14ರಲ್ಲಿ 1.7 ಪಟ್ಟು. 28ರಲ್ಲಿ 0.86 ಮಾತ್ರ. ಡಿಗ್ರಿಗಳ ಪಟ್ಟಿ ನೋಡಿ ಲೆನ್ಸ್ ಹುಡುಕುವುದಕ್ಕಿಂತ ಇದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು. 14ಕ್ಕೆ 114 ಡಿಗ್ರಿ, 20ಕ್ಕೆ 94 ಡಿಗ್ರಿ ಅಂತ ಬರೆದಿರುತ್ತಾರೆ, ಆದರೆ ಅದು ಮೂಲೆಯಿಂದ ಮೂಲೆಗೆ ಅಳೆದದ್ದು. ನನ್ನ ಛಾವಣಿ ಅದರೊಳಗೆ ಕೂರುತ್ತದೋ ಇಲ್ಲವೋ ಅಂತ ಅದರಿಂದ ಗೊತ್ತಾಗುವುದಿಲ್ಲ.

ಲೆಕ್ಕಕ್ಕೆ ಅಂತ ಛಾವಣಿ 4 ಮೀಟರ್ ಎತ್ತರ ಅಂದುಕೊಳ್ಳಿ. ಕಣ್ಣಿನ ಮಟ್ಟ 1.5 ಮೀಟರ್. ಉಳಿದದ್ದು 2.5 ಮೀಟರ್. 3 ಮೀಟರ್ ಚೌಕ ಹಿಡಿಯಲು ಸರಿಯಾಗಿ 20 ಮಿ.ಮೀ. ಬೇಕು. ಅಂಚಿನಲ್ಲಿ ಸ್ವಲ್ಪ ಜಾಗ ಬಿಡಬೇಕು ಅಂದರೆ 17 ಅಥವಾ 18.

14–24: ಬಾಡಿಗೆಗೆ ತಂದದ್ದು

ಎಲ್ಲಕ್ಕಿಂತ ಅಗಲವಾದದ್ದನ್ನೇ ಮೊದಲು ನೋಡೋಣ ಅಂತ ಸಿಗ್ಮಾ 14–24 ಎಫ್ 2.8 ಬಾಡಿಗೆಗೆ ತಂದೆ. ಒಳ್ಳೆಯ ಲೆನ್ಸ್, ಅದರಲ್ಲಿ ಎರಡು ಮಾತಿಲ್ಲ. ಮೂಲೆಗಳು ತುಂಬಾ ಸ್ಪಷ್ಟ. ತೂಕ 795 ಗ್ರಾಂ. ಮುಂದಿನ ಗಾಜು ಉಬ್ಬಿಕೊಂಡಿರುವುದರಿಂದ ಮುಂದೆ ಫಿಲ್ಟರ್ ಹಾಕಲು ಆಗುವುದಿಲ್ಲ.

ಇಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಕ್ಯಾಮೆರಾ ನೇರ ಮೇಲಕ್ಕೆ ಮುಖ ಮಾಡಿದಾಗ 14ರಲ್ಲೂ ಭುವನೇಶ್ವರಿಯ ಸುತ್ತುಗಳು ಗುಂಡಗೇ ಬಂದವು. ಅದೇ ಕ್ಯಾಮೆರಾವನ್ನು ನವರಂಗದ (ಕಂಬಗಳ ಒಳಮಂಟಪದ) ಉದ್ದಕ್ಕೆ ತಿರುಗಿಸಿದರೆ ಅಂಚಿನ ಕಂಬಗಳು ದಪ್ಪಗಾದವು. ಒಂದೇ ಲೆನ್ಸ್, ಹೀಗೇಕೆ? ಮೀನುಗಣ್ಣು (ಫಿಶ್‌ಐ) ಅಲ್ಲದ ವೈಡ್ ಲೆನ್ಸ್‌ಗಳು ಸೆನ್ಸರ್‌ಗೆ ಸಮಾನಾಂತರವಾಗಿರುವ ಆಕಾರವನ್ನು ಇದ್ದ ಹಾಗೇ ಇಡುತ್ತವೆ. ಛಾವಣಿಯ ಒಂದೊಂದು ಸುತ್ತೂ ನೆಲಕ್ಕೆ ಸಮಾನಾಂತರ, ಸೆನ್ಸರ್ ಕೂಡ ಹಾಗೇ. ಆದ್ದರಿಂದ ವೃತ್ತ ವೃತ್ತವಾಗಿಯೇ ಉಳಿಯುತ್ತದೆ. ಕಂಬ ಹಾಗಲ್ಲ, ಅದಕ್ಕೆ ಗಾತ್ರ ಇದೆ. ಫ್ರೇಮಿನ ಪಕ್ಕದ ಅಂಚಿಗೆ ಹೋದ ಉರುಟು ಕಂಬ 14ರಲ್ಲಿ ಸುಮಾರು 1.6 ಪಟ್ಟು ಅಗಲವಾಗಿ ಕಾಣುತ್ತದೆ. 20ರಲ್ಲಿ 1.35 ಪಟ್ಟು, 24ರಲ್ಲಿ 1.25 ಪಟ್ಟು. ಇದು ಲೆನ್ಸಿನ ದೋಷ ಅಲ್ಲ, ಎಷ್ಟು ದುಡ್ಡು ಕೊಟ್ಟರೂ ಹೋಗುವುದಿಲ್ಲ.

ಹೊಯ್ಸಳ ಕಂಬಗಳ ಚೆಂದವೇ ಅವುಗಳ ಅಳತೆಯಲ್ಲಿದೆ. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಆ ಏರಿಳಿತ, ತೆಳುವಾದ ಬಳೆಗಳಂಥ ಅಂಚುಗಳು. ಅದನ್ನು ಡೊಳ್ಳಿನ ಹಾಗೆ ತೋರಿಸುವ ಚಿತ್ರ ನನಗೆ ಬೇಡ. 14 ಪಟ್ಟಿಯಿಂದ ಹೊರಗೆ ಹೋಯಿತು.

20 ಎಫ್ 1.8

ಮುಂದಿನ ಸಲ ಸೋನಿ 20 ಎಫ್ 1.8. ಬರೀ 373 ಗ್ರಾಂ, ಕೈಗೆ ಹಗುರ. ಗುಡಿಯೊಳಗೆ ಬೆಳಕು ಬರುವುದು ಬಾಗಿಲಿನಿಂದ ಮತ್ತು ಕಲ್ಲಿನ ಜಾಲಂಧ್ರಗಳಿಂದ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಬೆಳಿಗ್ಗೆ ಹೋದರೆ ಮುಂದಿನ ಅಂಕಣಗಳಿಗೆ ಒಳ್ಳೆಯ ಬೆಳಕು. ಒಳಕ್ಕೆ ಹೋದಷ್ಟೂ ಕತ್ತಲು. ಟ್ರೈಪಾಡ್ ಹಾಕಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯಬೇಕಾದಾಗ ಎಫ್ 1.8 ದೊಡ್ಡ ನೆರವು.

ಆದರೆ 1.8ರಲ್ಲಿ ಛಾವಣಿಯ ಅಂಚಿಗೆ ಫೋಕಸ್ ಮಾಡಿದರೆ ಒಳಗಿನ ಆಳದ ಕೆತ್ತನೆ ಸ್ವಲ್ಪ ಮೆತ್ತಗಾಗುತ್ತದೆ. ಈ ಕೆಲಸಕ್ಕೆ ಎಫ್ 8 ಬೇಕು. 20 ಮಿ.ಮೀ.ನಲ್ಲಿ ಎಫ್ 8 ಇಟ್ಟು ಸುಮಾರು 1.7 ಮೀಟರ್‌ಗೆ ಫೋಕಸ್ ಮಾಡಿದರೆ, 0.85 ಮೀಟರ್‌ನಿಂದ ಆಚೆಗೆ ಎಲ್ಲವೂ ಸ್ಪಷ್ಟ. ಅಷ್ಟು ಕಡಿಮೆ ಬೆಳಕಿನಲ್ಲಿ ಎಫ್ 8 ಅಂದರೆ ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್. ಬಾಡಿಯೊಳಗಿನ ಸ್ಟೆಬಿಲೈಸೇಷನ್ ಅಷ್ಟು ಹೊತ್ತು ಕೈ ಹಿಡಿಯುವುದಿಲ್ಲ.

ನೆಲದ ಮೇಲೆ

ಇಡೀ ಲೆಕ್ಕ ಬದಲಾದದ್ದು ಇಲ್ಲಿ. ಮಡಚಿದ ಟವೆಲ್ ಹಾಸಿ, ಕ್ಯಾಮೆರಾವನ್ನು ಬೆನ್ನ ಮೇಲೆ ಮಲಗಿಸಿದೆ. ಕಾವಲಿನವರನ್ನು ಮೊದಲೇ ಕೇಳಿದ್ದೆ. "ಸ್ಟ್ಯಾಂಡ್ ಇಲ್ಲ ತಾನೆ ಸಾರ್? ಜನ ಓಡಾಡೋ ಕಡೆ ಬೇಡ, ಪಕ್ಕದಲ್ಲಿ ಇಟ್ಕೊಳ್ಳಿ" ಅಂದರು. ಜನ ಬರುವ ಮುಂಚೆ ನಡುವಿನ ಅಂಕಣಗಳು, ಆಮೇಲೆ ಪಕ್ಕದವು. ಹಾಗೇ ಮಾಡಿದೆ.

ನೆಲಕ್ಕೆ ಇಟ್ಟರೆ ಲೆನ್ಸ್ ನೆಲದಿಂದ 15 ಸೆಂ.ಮೀ. ಎತ್ತರದಲ್ಲಿರುತ್ತದೆ. ಅದೇ 4 ಮೀಟರ್ ಛಾವಣಿಗೆ ಈಗ 3.85 ಮೀಟರ್ ದೂರ. 24 ಮಿ.ಮೀ.ನಲ್ಲೇ 3.85 ಮೀಟರ್ ಚೌಕ ಬರುತ್ತದೆ. ನಿಂತು 17ರಲ್ಲಿ ತೆಗೆದರೂ ಸಿಗುವುದು 3.5 ಮಾತ್ರ. ಕ್ಯಾಮೆರಾ ಅಲುಗಾಡುವುದಿಲ್ಲ, ಐಎಸ್‌ಒ 100, ಎಫ್ 8, ಶಟರ್ ಎಷ್ಟು ಬೇಕಾದರೂ.

ಇನ್ನೊಂದು ಲಾಭ ಚಿತ್ರ ನೋಡಿದ ಮೇಲೆ ತಿಳಿಯಿತು. ಭುವನೇಶ್ವರಿಯ ಆಳ 1 ಮೀಟರ್ ಅಂತ ಇಟ್ಟುಕೊಂಡರೆ, ನಿಂತು ತೆಗೆದಾಗ ಅಂಚು 2.5 ಮೀಟರ್ ದೂರ, ತಳ 3.5 ಮೀಟರ್. ಆಗ ಒಳಗಿನ ಸುತ್ತು ಅಂಚಿಗೆ ಹೋಲಿಸಿದರೆ ನೂರಕ್ಕೆ 71 ಭಾಗಕ್ಕೆ ಕುಗ್ಗುತ್ತದೆ. ನೆಲದಿಂದ ತೆಗೆದರೆ 79 ಭಾಗ. ಒಳಗಿನ ಕೆತ್ತನೆಗೆ ಜಾಗ ಸಿಗುತ್ತದೆ. ನೋಟವನ್ನು ನಿರ್ಧರಿಸುವುದು ಲೆನ್ಸ್ ಅಲ್ಲ, ನಾವು ಎಷ್ಟು ದೂರದಲ್ಲಿದ್ದೇವೆ ಅನ್ನುವುದು. ದೂರ ಸಿಕ್ಕಮೇಲೆ ಅದಕ್ಕೆ ತಕ್ಕ ಲೆನ್ಸ್.

ಕ್ಯಾಮೆರಾ ಪೂರ್ತಿ ಮೇಲಕ್ಕೆ ನೋಡುತ್ತಿರುವಾಗ ಅದರೊಳಗಿನ ಮಟ್ಟ ತೋರಿಸುವ ಗೆರೆಗಳನ್ನು ನಂಬಲು ಆಗುವುದಿಲ್ಲ. ಗಾರೆ ಕೆಲಸದವರು ಬಳಸುವಂಥದ್ದೇ ಒಂದು ಪುಟ್ಟ, ಗುಂಡನೆಯ ರಸಮಟ್ಟ ತಂದೆ. ಮುಚ್ಚಳ ಹಾಕಿದ ಲೆನ್ಸ್ ಮೇಲೆ ಅದನ್ನಿಟ್ಟು, ಟವೆಲ್ ಅತ್ತಿತ್ತ ಒತ್ತಿ ಸರಿಮಾಡಿ, ಮುಚ್ಚಳ ತೆಗೆದು, ಮೊಬೈಲ್‌ನಲ್ಲಿ ಫ್ರೇಮ್ ನೋಡಿ ಕ್ಲಿಕ್. ಬಾಗಿಲ ಹತ್ತಿರದ ಅಂಕಣಗಳಿಗೆ ಬೆಳಕು ಎರಡು ಸ್ಟಾಪ್ ಹೆಚ್ಚು, ಎರಡು ಸ್ಟಾಪ್ ಕಡಿಮೆ ಮಾಡಿ ಇನ್ನೆರಡು ಚಿತ್ರ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ).

ಹಾಗಾದರೆ ಪ್ರೈಮ್ ಸಾಕಲ್ವಾ?

20 ಇಷ್ಟವಾಗಿತ್ತು. ಸ್ನೇಹಿತರೂ ಪ್ರೈಮ್, ಅಂದರೆ ಜೂಮ್ ಇಲ್ಲದ, ಒಂದೇ ಫೋಕಲ್ ಲೆಂಗ್ತ್‌ನ ಲೆನ್ಸ್, ತೆಗೆದುಕೋ ಅಂದರು. ಜೂಮ್ ಬೇಕಿದ್ದರೆ ನಾಲ್ಕು ಹೆಜ್ಜೆ ನಡೆದರಾಯಿತು ಅನ್ನುವುದು ಎಲ್ಲರೂ ಹೇಳುವ ಮಾತು. ಹೊರಗೆ ಅದು ನಿಜ. ಛಾವಣಿಗೆ ಅದು ನಡೆಯುವುದಿಲ್ಲ. ನೆಲ ಮತ್ತು ಛಾವಣಿಯ ನಡುವಿನ ದೂರ ಅಷ್ಟೇ, ಹಿಂದೆ ಹೋಗಲು ನೆಲ ಬಿಡುವುದಿಲ್ಲ. ಮುಂದೆ ಹೋಗಬೇಕೆಂದರೆ ಕ್ಯಾಮೆರಾ ಎತ್ತಿ ಹಿಡಿಯಬೇಕು, ಆಗ ನೆಲದ ಲಾಭವೇ ಹೋಯಿತು. ಎಲ್ಲ ಅಂಕಣಗಳ ಚೌಕವನ್ನೂ ಫ್ರೇಮಿಗೆ ತುಂಬುವಂತೆ ಕೂರಿಸಲು ಜೂಮ್ ಒಂದೇ ದಾರಿ.

ಕೊನೆಗೆ ಎರಡು ಉಳಿದವು. ಸೋನಿಯ 16–35 ಎಫ್ 4 ಪವರ್ ಜೂಮ್, 353 ಗ್ರಾಂ. ಟ್ಯಾಮ್ರಾನ್ 17–28 ಎಫ್ 2.8, 420 ಗ್ರಾಂ. ಮೊದಲನೆಯದು ಯಾರಾದರೂ ಒಂದೇ ಲೆನ್ಸ್ ಇಟ್ಟುಕೊಂಡು ಊರೂರು ಸುತ್ತುವವರಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ನನ್ನ ಬಳಿ 28–75 ಇರುವುದರಿಂದ 28ರ ತನಕ ಬಂದರೆ ಸಾಕು. ಎರಡೂ ಟ್ಯಾಮ್ರಾನ್‌ಗಳಿಗೆ 67 ಮಿ.ಮೀ. ಫಿಲ್ಟರ್. ಜೂಮ್ ಮಾಡಿದಾಗ 17–28 ಹೊರಗೆ ಚಾಚಿಕೊಳ್ಳುವುದಿಲ್ಲ, ನೆಲದ ಮೇಲೆ ಮಲಗಿದ ಕ್ಯಾಮೆರಾಕ್ಕೆ ಇದು ದೊಡ್ಡ ಅನುಕೂಲ. ಬಳಸಿದ್ದು ಒಂದು ಒಳ್ಳೆಯ ಬೆಲೆಗೆ ಸಿಕ್ಕಿತು, ತೆಗೆದುಕೊಂಡೆ.

ಬಳಸಿದ ವೈಡ್ ಲೆನ್ಸ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಒಂದು ಇಟ್ಟಿಗೆ ಗೋಡೆ ಹುಡುಕಿಕೊಳ್ಳಿ. ಗೋಡೆಗೆ ನೇರವಾಗಿ ನಿಂತು 17ರಲ್ಲಿ ಎಫ್ 2.8 ಮತ್ತು ಎಫ್ 5.6, ಮತ್ತೆ 28ರಲ್ಲಿ ಅದೇ. ನಾಲ್ಕು ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಥರ ಸ್ವಲ್ಪ ಮೆತ್ತಗಿದ್ದರೆ ಪರವಾಗಿಲ್ಲ, ಎಫ್ ಮುಚ್ಚಿದರೆ ಸರಿಹೋಗುತ್ತದೆ. ಒಂದೇ ಮೂಲೆ ಮಂಕಾಗಿದ್ದು, ಎಫ್ 5.6ರಲ್ಲೂ ಹಾಗೇ ಇದ್ದರೆ ಒಳಗಿನ ಗಾಜು ಕೇಂದ್ರದಿಂದ ಸರಿದಿರಬಹುದು. ಅದನ್ನು ಬಿಟ್ಟುಬಿಡಿ. ನನ್ನದರಲ್ಲಿ ನಾಲ್ಕೂ ಸಮ. 17ರಲ್ಲಿ ಗೆರೆಗಳು ಹೊರಕ್ಕೆ ಬಾಗುತ್ತವೆ, ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಆ ಲೆನ್ಸಿನ ಪ್ರೊಫೈಲ್ ಹಾಕಿದರೆ ನೇರವಾಗುತ್ತವೆ.

ಈಗ ಎಲ್ಲಿದೆ

ಸೋಮನಾಥಪುರದ ನವರಂಗ ಬಹುಪಾಲು ಮುಗಿದಿದೆ. ಜಾಸ್ತಿ ಚಿತ್ರಗಳು ಬಂದಿರುವುದು 20ರಿಂದ 24ರ ನಡುವೆ. 17 ಬೇಕಾದದ್ದು ಗುಡಿಯ ಸುತ್ತಲಿನ ಕೈಸಾಲೆಯ ಕೆಳಗೆ ನಿಂತು ಗುಡಿಯ ಮೂರೂ ಶಿಖರಗಳನ್ನು ತೆಗೆದಾಗ. ಕ್ಯಾಮೆರಾ ಓರೆ ಮಾಡದೆ ನೇರ ಹಿಡಿದು, ಕೆಳಗಿನ ನೆಲವನ್ನು ಆಮೇಲೆ ಕತ್ತರಿಸಿದೆ. ಶಿಖರಗಳು ಹಿಂದಕ್ಕೆ ವಾಲಲಿಲ್ಲ.

ಮುಂದಿನದು ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ನಡು ಅಂಕಣದ ದೊಡ್ಡ ಭುವನೇಶ್ವರಿ ಮತ್ತು ಅದರ ನಾಲ್ಕು ಕಂಬಗಳ ಮೇಲಿನ ಮದನಿಕೆಯರು ಒಂದೇ ಫ್ರೇಮಿನಲ್ಲಿ ಬರಬೇಕು ಅನ್ನುವುದು ಆಸೆ. ದರ್ಶನಕ್ಕೆ ಬಂದವರ ನಡುವೆ ನೆಲದ ಮೇಲೆ ಕ್ಯಾಮೆರಾ ಇಡುವ ಮಾತೇ ಇಲ್ಲ. ಕೈಯಲ್ಲೇ ಹಿಡಿಯಬೇಕು. ಅದಕ್ಕೆ 20 ಎಫ್ 1.8 ಮತ್ತೆ ಬಾಡಿಗೆಗೆ ತರುತ್ತೇನೆ, 17–28 ಕೂಡ ಚೀಲದಲ್ಲಿರುತ್ತದೆ. ಮದನಿಕೆಯರು ಛಾವಣಿಗಿಂತ ಕೆಳಗೆ, ಫ್ರೇಮಿನ ಅಂಚಿಗೆ ಬರುತ್ತಾರೆ. ಅವರು ಎಷ್ಟು ಹಿಗ್ಗುತ್ತಾರೆ ಅಂತ ನೋಡಬೇಕು. ಬೇಲೂರಿನಲ್ಲಿ ಆ ಛಾವಣಿ ತೆಗೆದವರು ನಿಮ್ಮಲ್ಲಿ ಇದ್ದರೆ, ಎಲ್ಲಿ ನಿಂತು, ಎಷ್ಟು ಮಿ.ಮೀ.ನಲ್ಲಿ ತೆಗೆದಿರಿ ಅಂತ ದಯವಿಟ್ಟು ಹೇಳಿ. ಹೊರಡುವ ಮುಂಚೆ ಲೆಕ್ಕ ಹಾಕಿಕೊಳ್ಳುತ್ತೇನೆ.