ಅಪ್ಪನ ರೋಡ್‌ಕಿಂಗ್ ಮಾರಿದೆವು

ಈ ಸಲ ರಜೆಗೆ ಬಾಗಲಕೋಟೆಗೆ ಬಂದಾಗ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಮಾರಿದೆವು. 1992ರ ಗಾಡಿ. ಆಗ ಬಾಗಲಕೋಟೆ ಇನ್ನೂ ಜಿಲ್ಲೆ ಆಗಿರಲಿಲ್ಲ, ಹಾಗಾಗಿ ನಂಬರ್ ಪ್ಲೇಟಿನ ಮೇಲೆ ಇವತ್ತಿಗೂ ಬಿಜಾಪುರದ ಕೆಎ 28 ಇದೆ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ತಮ್ಮ ಪುಣೆಯಲ್ಲಿ. ಅಪ್ಪನಿಗೆ ಮಂಡಿನೋವು. ಗಾಡಿ ನವನಗರದ ಮನೆ ಮುಂದೆ ವರ್ಷಗಟ್ಟಲೆ ಸುಮ್ನೆ ನಿಂತಿತ್ತು.

ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಗಂಟು ಕಟ್ಟಿಕೊಂಡು ಅಪ್ಪ ಹಳೆ ಊರಿನ ಅಂಗಡಿಗೆ ಬರುತ್ತಿದ್ದುದು ಇದರ ಮೇಲೆಯೇ. ಆಲಮಟ್ಟಿ ಹಿನ್ನೀರಿಗೆ ಅಂಗಡಿ ಹೋಯಿತು. ಮರದ ಕಪಾಟು, ಗಲ್ಲಾಪೆಟ್ಟಿಗೆ ಎಲ್ಲ ಒಂದೊಂದಾಗಿ ಕೈಬಿಟ್ಟು ಹೋದವು. ಗಾಡಿಯನ್ನು ಮಾತ್ರ ಅಪ್ಪ ಬಿಡಲಿಲ್ಲ. ಈಗ ಮಾರೋಣ ಅಂತ ಹೇಳಿದ್ದೂ ಅವರೇ. ನಿಂತಲ್ಲೇ ಕೊಳೆಯುವುದನ್ನು ನೋಡಲಾಗದು ಅಂದರು.

ಜರ್ಮನಿಯಲ್ಲಿ 30 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಚೆನ್ನಾಗಿ ಉಳಿದಿದ್ದರೆ, ತಪಾಸಣೆ ಮಾಡಿ ನಂಬರಿನ ಕೊನೆಗೆ ‘ಎಚ್’ ಅಕ್ಷರ ಕೊಡುತ್ತಾರೆ. ಅದು ಐತಿಹಾಸಿಕ ಗಾಡಿ ಅಂತ ಗುರುತು. ನಮ್ಮಲ್ಲಿ 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ಆಗಬೇಕು. ಅಲ್ಲಿಯವರೆಗೆ ಅದು ಬರೀ ಹಳೆ ಗಾಡಿ. 50 ವರ್ಷ ತುಂಬಾ ಜಾಸ್ತಿ ಅಂತ ನನ್ನ ಅಭಿಪ್ರಾಯ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ವಯಸ್ಸು ಮುಟ್ಟುವುದರೊಳಗೆ ಎಷ್ಟೋ ಗಾಡಿಗಳು ಗುಜರಿ ಸೇರಿರುತ್ತವೆ, ಅಲ್ವಾ?

ಮಾರುವ ಮೊದಲು ಬಣ್ಣ ಹೊಡೆಸಿ ಅಂತ ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಹೊಸ ಬಣ್ಣದ ಕೆಳಗಿನ ತುಕ್ಕು ಕೊಳ್ಳುವವನಿಗೆ ಕಾಣುವುದಿಲ್ಲ. ತೊಳೆದು, ಇದ್ದದ್ದು ಇದ್ದಂತೆ ಫೋಟೋ ತೆಗೆದು, ಕೊಳ್ಳುವವರಿಗಾಗಿ ಕುಂದುಗಳನ್ನೂ ಬರೆದೆ. ಟ್ಯಾಂಕಿನ ಒಳಗೆ ತುಕ್ಕು, ಎರಡೂ ಸೈಲೆನ್ಸರಿನ ಕ್ರೋಮ್ ಹಾರಿದೆ, ವೈರಿಂಗ್ ಪೂರ್ತಿ ಹೋಗಿದೆ. ಟೂ ಸ್ಟ್ರೋಕ್ ಗಾಡಿ ಬಹಳ ದಿನ ನಿಂತರೆ ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿಯಾಗಿ ಗಾಳಿ ಎಳೆಯುತ್ತದೆ, ಅದನ್ನೂ ಬರೆದೆ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು, ರಾತ್ರಿಯೆಲ್ಲ ಹಾಗೇ ಇಟ್ಟು, ಬೆಳಿಗ್ಗೆ ಕೈಯಿಂದಲೇ ಕಿಕ್ ಒತ್ತಿದೆ. ಮೊದಲು ಅಲುಗಲಿಲ್ಲ, ಆಮೇಲೆ ಮೆಲ್ಲಗೆ ತಿರುಗಿತು. ಎಂಜಿನ್ ಜಾಮ್ ಆಗಿರಲಿಲ್ಲ!

ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿದರು. ಇನ್ನೊಬ್ಬರು ಒಳ್ಳೆಯ ದುಡ್ಡನ್ನೇ ಹೇಳಿದರು, ಆದರೆ ಬಿಡಿಭಾಗ ಬಿಚ್ಚಿ ಮಾರುವವರು. ಕೊನೆಗೆ ಬನಹಟ್ಟಿಯಿಂದ ಒಬ್ಬ ಹುಡುಗ ಬಂದ, ಪವರ್‌ಲೂಮ್ ರಿಪೇರಿ ಮಾಡುವವನು. ಅಪ್ಪ ಕುರ್ಚಿಯಲ್ಲೇ ಕೂತು ಕೇಳಿದರು.

“ತಮ್ಮಾ, ಇದರ ಕಿಕ್ ಎಲ್ಲೈತಿ, ತೋರ್ಸು ನೋಡೂಣು.”

ಹುಡುಗ ಎಡಗಡೆ ಬಗ್ಗಿ, ಗೇರ್ ಲಿವರನ್ನು ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಮೇಲೆತ್ತಿದ. “ಗೇರ್ ಲಿವರ್ರ ಕಿಕ್ ಐತಲ್ರಿ ಅಜ್ಜಾರ. ನಮ್ಮ ಕಾಕಾನ ಕಡೆ ಇತ್ರಿ.”

“ಓಡಸ್ತೀಯೋ, ಬಿಚ್ಚಿ ಮಾರ್ತೀಯೋ?”

“ಓಡಸ್ತೀನ್ರಿ.”

ಬಿಡಿಭಾಗದವರು ಹೇಳಿದ್ದಕ್ಕಿಂತ ಕಡಿಮೆಗೆ ಅಪ್ಪ ಕೊಟ್ಟುಬಿಟ್ಟರು. ನನಗೂ ಅದೇ ಸರಿ ಅನ್ನಿಸಿತು. ಸೀಟಿನ ಕೆಳಗಿದ್ದ ಪಾನಾ, ಹಳೆ ಪ್ಲಗ್ಗು, ಬಿಲ್ಲುಗಳು, ಎಲ್ಲವನ್ನೂ ಚೀಲಕ್ಕೆ ತುಂಬಿ ಕೊಟ್ಟರು.

ಹೊರಗಿರುವ ನಮ್ಮಂಥವರಿಗೆ ತಲೆನೋವು ಕಾಗದದ್ದು. ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ (ನೋಂದಣಿ ಪತ್ರ) ರಿನ್ಯೂ ಆಗಬೇಕು, ಅದಕ್ಕೆ ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ನಮ್ಮದು ಚಾಲೂ ಇರಲಿಲ್ಲ, ಆರ್‌ಸಿ ಅವಧಿ ಮುಗಿದಿತ್ತು. ಅಂದರೆ ಮೊದಲು ರಿಪೇರಿ, ಆಮೇಲೆ ರಿನ್ಯೂ, ಆಮೇಲೆ ಹೆಸರು ಬದಲಾವಣೆ. ಅಲ್ಲಿಯವರೆಗೆ ಕಾನೂನಿನ ಕಣ್ಣಲ್ಲಿ ಮಾಲೀಕರು ಅಪ್ಪನೇ. ಆರ್‌ಸಿಯಲ್ಲಿ ಹೆಸರಿದ್ದವರೇ ಅಪಘಾತ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ಬಾಂಡ್ ಪೇಪರಿನಲ್ಲಿ ಕೊಟ್ಟ ದಿನ, ಹೊತ್ತು ಬರೆಸಿದೆವು. ಕಾಗದದ ಕೆಲಸ ಮುಗಿಯುವವರೆಗೆ ರಸ್ತೆಗೆ ಇಳಿಸಬಾರದು ಅಂತಲೂ ಬರೆಸಿದೆವು. ಹುಡುಗ ಟೆಂಪೋದಲ್ಲೇ ಒಯ್ದ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್‌ಸಿ ಜೊತೆ ತಾಳೆ ನೋಡಿದೆವು. ಸರಿಯಾಗಿತ್ತು. ಮಾಲೀಕತ್ವ ಬದಲಾವಣೆಯ 29, 30ನೇ ಫಾರ್ಮುಗಳಿಗೆ ಅಪ್ಪನ ಸಹಿ ಬೇಕು. ಅವರು ಊರಲ್ಲೇ ಇರುವುದರಿಂದ ಆ ಚಿಂತೆ ಇಲ್ಲ.

ಇನ್ನು ಸ್ಪೇರ್ ಮಾತು. ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಬಂದಿದೆ ನಿಜ, ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು. ಅವುಗಳ ಎಂಜಿನ್ ಸಾಮಾನು ಇದಕ್ಕೆ ಬರುವುದಿಲ್ಲ. ಹುಡುಗನಿಗೆ ಈಗ ಬೇಕಾಗಿರುವುದು ಕ್ರ್ಯಾಂಕ್ ಬಿಚ್ಚಿ ಕೂಡಿಸಬಲ್ಲ ಹಳೆ ಮಿಸ್ತ್ರಿ. ಜಮಖಂಡಿ, ಮುಧೋಳ, ಬೆಳಗಾವಿ ಕಡೆ ಅಂಥವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾನು ಅವನಿಗೆ ಮುಟ್ಟಿಸುತ್ತೇನೆ.