ಊಟಿಯ ಹುಲ್ಲಿನಲ್ಲಿ ಹಳೇ ಅಂಚು

ಊಟಿಗೆ ಈ ಸಲ ಹೋಗಿದ್ದು ತಮ್ಮನಿಗಾಗಿ. ಅವನಿಗೆ ಗಾಲ್ಫ್ ಹುಚ್ಚು. ನನಗೋ ಆ ಕೆರೆ, ಚಾಕೊಲೇಟ್ ಅಂಗಡಿ, ಜನಜಂಗುಳಿ ಸಾಕಾಗಿತ್ತು.

ಹೊರಡುವವರಿಗೆ ಒಂದು ಮಾತು. ನೀಲಗಿರಿಗೆ ಈಗ ಇ-ಪಾಸ್ ಬೇಕು, ಮನೆಯಲ್ಲೇ ಮಾಡಿಟ್ಟುಕೊಳ್ಳಿ. ಗಡಿಯಲ್ಲಿ ಮಾಡಿದರಾಯಿತು ಅಂತ ಹೋದ ನಾವು, ಸಿಗ್ನಲ್ ಸಿಗದೆ ಮುಕ್ಕಾಲು ಗಂಟೆ ಕಾಡಿನಂಚಿನಲ್ಲಿ ಫೋನ್ ಹಿಡಿದು ಅಲೆದೆವು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಗಾಲ್ಫ್ ಮೈದಾನ ಇರುವುದು ವೆನ್ಲಾಕ್ ಡೌನ್ಸ್ ಬಯಲಿನಲ್ಲಿ, 7,000 ಅಡಿಗೂ ಎತ್ತರದಲ್ಲಿ. 1891ರಿಂದ 1896ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವರ ಹೆಸರು ಅದು. ನೆಲ ಇಳಿದಲ್ಲಿ ಆಟವೂ ಇಳಿಯುತ್ತದೆ, ಏರಿದಲ್ಲಿ ಏರುತ್ತದೆ. ಇದು ನನಗೆ ತುಂಬ ಹಿಡಿಸಿತು. ಈಗಿನ ರೆಸಾರ್ಟ್ ಮೈದಾನಗಳಲ್ಲಿ ತಂದು ಸುರಿದ ದಿಬ್ಬಗಳು ಇದರ ಮುಂದೆ ಸಪ್ಪೆ.

ಹುಲ್ಲು ಕತ್ತರಿಸುವ ತಾತ ಒಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. ಅವರ ಹಿರಿಯರು ಗುಂಡ್ಲುಪೇಟೆ ಕಡೆಯವರಂತೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಹಟ್ಟಿಗೆ ಹೋದರೆ ಬಡಗ.

"ಈ ಗ್ರೀನ್ ಇಷ್ಟು ಚಿಕ್ಕದಿರಲಿಲ್ಲಮ್ಮ" ಅಂದರು. ಗ್ರೀನ್ ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಜಾಗ.

"ಯಾರು ಚಿಕ್ಕದು ಮಾಡಿದ್ದು ತಾತ?"

"ನಾವೇ. ಅಂಚು ಕೆಡಬಾರದು ಅಂತ ಮಷಿನನ್ನ ಒಂದೊಂದು ಬೆರಳು ಒಳಗೆ ತಿರುಗಿಸ್ತೀವಿ. ವರ್ಷಗಟ್ಟಲೆ ಹಂಗೇ ಆದ್ರೆ ಎಷ್ಟಾಯ್ತು ನೋಡಿ. ಮೂಲೆಯೆಲ್ಲ ಹೋಗಿ ಮೊಟ್ಟೆ ಥರ ಆಗಿದೆ."

ತಮ್ಮ ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಮೈದಾನದ ಕಥೆ ತೆಗೆದ. ಡೊನಾಲ್ಡ್ ರಾಸ್ ರೂಪಿಸಿದ ಮೈದಾನ. 2010-11ರಲ್ಲಿ ಬಿಲ್ ಕೂರ್, ಬೆನ್ ಕ್ರೆನ್‌ಶಾ ಇಬ್ಬರೂ ಅದಕ್ಕೆ ಹಳೇ ರೂಪ ಕೊಟ್ಟರು. 1943ರಲ್ಲಿ ವಿಮಾನದಿಂದ ತೆಗೆದ ಫೋಟೋ ಇಟ್ಟುಕೊಂಡು, ನೆಲದಡಿಯ ಹಳೇ ನೀರಿನ ಪೈಪಿನ ಜಾಡು ಹಿಡಿದು, ಆಟದ ಹಾದಿ ಮೊದಲು ಎಲ್ಲಿತ್ತು ಅಂತ ಕಂಡುಕೊಂಡರು.

"ಫೋಟೋ ಇಲ್ದಿದ್ರೂ ಗೊತ್ತಾಗುತ್ತೆ, ಬನ್ನಿ" ಅಂದ ತಾತ, ಕಬ್ಬಿಣದ ಸಲಾಕೆ ತಂದರು. ಕತ್ತರಿಸಿದ ಹುಲ್ಲಿನಿಂದ ಎರಡು ಮಾರು ಹೊರಗೆ, ಉದ್ದ ಹುಲ್ಲಿನಲ್ಲಿ ಅದನ್ನು ಒತ್ತಿದರು. ಒಂದು ಗೇಣು ಸುಮ್ನೆ ಇಳಿಯಿತು. ಎತ್ತಿದಾಗ ತುದಿಗೆ ಮರಳು ಅಂಟಿತ್ತು. ಅರ್ಧ ಹೆಜ್ಜೆ ಆಚೆ ಒತ್ತಿದರು. ಟಕ್ ಅಂತ ನಿಂತಿತು.

"ಮರಳು ಹಾಕಿ ಹದ ಮಾಡಿದ ಮಣ್ಣು ಇಲ್ಲಿಗೆ ಮುಗೀತು. ಇದೇ ಹಳೇ ಅಂಚು."

ನನ್ನ ಕೈಗೂ ಸಲಾಕೆ ಕೊಟ್ಟರು. ಮೆತ್ತಗಿನ ನೆಲ ಥಟ್ಟನೆ ಗಟ್ಟಿಯಾಗುವುದು ಅಂಗೈಗೇ ತಿಳಿಯಿತು. ಸಿಕ್ಕಿದ ಕಡೆಯೆಲ್ಲ ಒಂದೊಂದು ಬೆಣಚುಕಲ್ಲು ಇಡುತ್ತಾ ಹೋದೆವು. ಹನ್ನೊಂದು ಕಲ್ಲಾದಾಗ ಇಳಿಜಾರಿನ ಕಡೆಗೆ ಚಾಚಿದ ಒಂದು ಮೂಲೆ ಮೂಡಿತು. ತಮ್ಮ ಅಲ್ಲಿ ಹೋಗಿ ನಿಂತ. ಬಾವುಟ ಇಲ್ಲಿ ನೆಟ್ಟರೆ ಚೆಂಡು ಮುಂದಿನ ಮರಳುಗುಂಡಿ ದಾಟಿಯೇ ಬರಬೇಕು. ಅದಕ್ಕೇ ಆ ಮೂಲೆ ಅಲ್ವಾ ಅಂತ ಅವನಿಗೆ ಆಗ ಹೊಳೆಯಿತು.

ಕತ್ತಲಾಗುತ್ತಿತ್ತು. ತಾತ ಬಗ್ಗಿ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡರು.

"ಬೆಳಿಗ್ಗೆ ಮಷಿನ್ ಬರುತ್ತೆ. ಬ್ಲೇಡಿಗೆ ಸಿಕ್ಕಿಬಿಟ್ರೆ ಕಷ್ಟ."