ಬಾವಿಕಟ್ಟೆಯ ಬದಿಯ ಬಳ್ಳಿ

28 ಜುಲೈ 2024, ಭಾನುವಾರ
ಹಿರಿಯಡ್ಕ

ಬೆಳಿಗ್ಗೆ ಏಳಕ್ಕೆ ಮುಳ್ಳುಸೌತೆ ಚಪ್ಪರದ ಅಡಿಗೆ ಹೋಗಿ ಎಲೆ ಮಗುಚಿ ನೋಡಿದೆ. ಮೂರು ದಿನದ ಸಂಶಯ ನಿಜವಾಯಿತು. ಮೇಲ್ಗಡೆ ಹಳದಿ ಕಲೆಗಳು. ದುಂಡಗಿಲ್ಲ, ಎಲೆಯ ನರ ದಾಟಲಾಗದೆ ಮೂಲೆಮೂಲೆಯಾಗಿ ನಿಂತಿವೆ, ಹುಣಿ ಹಾಕಿದ ಸಣ್ಣ ಗದ್ದೆಗಳ ಹಾಗೆ. ಕಲೆ ಇದ್ದಲ್ಲೇ ಸರಿಯಾಗಿ ಅಡಿಯಲ್ಲಿ ಬೂದು-ನೇರಳೆ ಬೂಜು. ಉಜ್ಜಿದರೆ ಬೆರಳಿಗೆ ಮಸಿಯಂತೆ ಹತ್ತಿತು. ಹತ್ತು ಗಂಟೆಗೆ ಸ್ವಲ್ಪ ಬಿಸಿಲು ಬಂದಾಗ ಮತ್ತೆ ಹೋದೆ. ಬೂಜು ಅರ್ಧ ಇಲ್ಲ. ರಾತ್ರಿ ಕತ್ತಲಲ್ಲಿ, ತೇವದಲ್ಲಿ ಹುಟ್ಟಿದ್ದು, ಗಾಳಿ ಒಣಗುತ್ತಿದ್ದಂತೆ ಎದ್ದು ಹೋಗಿದೆ. ಯಾರ ಚಪ್ಪರಕ್ಕೋ.

ದೊಡ್ಡಪ್ಪ ಕೊಡೆ ಮಡಚದೇ ಬಗ್ಗಿ ನೋಡಿದರು.

"ಬೂದಿ ರೋಗ ಮಾರಾಯ್ತಿ. ಗಂಧಕ ಬಿಡು."

"ಅಲ್ಲ ದೊಡ್ಡಪ್ಪ, ಬೂದಿ ರೋಗ ಆದ್ರೆ ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಇರ್ತದೆ. ಇದು ಬೂಜು ತುಪ್ಪಟ. ಇದಕ್ಕೆ ಗಂಧಕ ನಾಟುವುದಿಲ್ಲ."

"ಎರಡಕ್ಕೂ ಎಂತ ವ್ಯತ್ಯಾಸ?"

"ಇದು ನಿಮ್ಮ ಅಡಿಕೆಯ ಕೊಳೆರೋಗದ ದಾಯಾದಿ."

ಅಷ್ಟು ಹೇಳಿದ್ದೇ ಅವರ ಮುಖ ಬದಲಾಯಿತು. ಕೊಳೆರೋಗ ಅಂದರೆ ಎಂತದ್ದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೋಡಲು ಶಿಲೀಂಧ್ರವೇ, ಆದರೆ ಕೊಳೆರೋಗ, ಬೂಜು ತುಪ್ಪಟ ಎರಡೂ ಆ ಕುಲದವಲ್ಲ, ನೀರಿನ ಪಾಚಿಗೆ ಹತ್ತಿರದವು. ಎಲೆಯ ಮೇಲೆ ಬಿದ್ದ ಒಂದೊಂದು ಬೀಜಕಣ ಒಡೆದು ಒಳಗಿಂದ ಬಾಲವಿರುವ ಮರಿಗಳು ಹೊರಬರುತ್ತವೆ, ನೀರಿನ ಪೊರೆಯಲ್ಲಿ ಈಜಿಕೊಂಡು ಹೋಗಿ ಎಲೆಯ ಉಸಿರುರಂಧ್ರದಲ್ಲಿ ನುಗ್ಗುತ್ತವೆ. ತಂಪು ಹೊತ್ತಾದರೆ ಎಲೆ ಎರಡು ಗಂಟೆ ಒದ್ದೆ ಇದ್ದರೂ ಸಾಕು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಎಲೆಗಳು ಒಣಗುವುದಾದರೂ ಯಾವಾಗ!

"ಹಾಗಾದ್ರೆ ಬೋರ್ಡೋ ಹೊಡೆಯುವ."

ಅವರು ಹೇಳಿದ್ದು ತಪ್ಪಲ್ಲ. ಮೈಲುತುತ್ತು-ಸುಣ್ಣದ ಆ ದ್ರಾವಣದ ಗುಣ ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ಗೊತ್ತಾದದ್ದೇ ದ್ರಾಕ್ಷಿಯ ಇಂಥದ್ದೇ ಬೂಜಿನ ಎದುರು. ಆದರೆ ಅದು ಹೊರಗೆ ನಿಂತು ಕಾಯುವ ಔಷಧಿ, ಒಳಗೆ ಹೊಕ್ಕಿದ್ದನ್ನು ಹೊರಗೆ ಎಳೆಯುವುದಿಲ್ಲ. ಸೌತೆಯ ಎಳೆ ಚಿಗುರು ಸುಟ್ಟುಹೋಗುವ ಭಯವೂ ಉಂಟು. ಕಲೆ ಬಿದ್ದ ಅಡಿಯ ಎಲೆಗಳನ್ನು ಕಿತ್ತು, ಬಳ್ಳಿ ಬಿಡಿಸಿ ಗಾಳಿಯಾಡುವ ಹಾಗೆ ಮಾಡಿದೆವು. ಮಧ್ಯಾಹ್ನವಾಯಿತು.

ಬಾವಿಕಟ್ಟೆಯ ಬದಿಯ ಬಳ್ಳಿಗೆ ಬಂದಾಗ ನನ್ನ ಕೈ ನಿಂತಿತು. ಅದರಲ್ಲೂ ಕಲೆ ಉಂಟು. ಆದರೆ ಸಣ್ಣದು, ಕಂದು, ಒಣಗಿ ಅಲ್ಲೇ ನಿಂತದ್ದು. ಅಡಿಯಲ್ಲಿ ಹುಡುಕಿದರೂ ಬೂಜು ಇಲ್ಲ ಎನ್ನುವಷ್ಟು ಕಡಿಮೆ. ನಿರೋಧಕ ತಳಿಗಳು ಹೀಗೆಯೇ ವರ್ತಿಸುತ್ತವೆ ಎಂದು ಓದಿದ್ದೆ. ರೋಗ ಬರುವುದೇ ಇಲ್ಲ ಎಂದಲ್ಲ, ಬಂದರೂ ಹಬ್ಬಲು ಬಿಡುವುದಿಲ್ಲ. ರೋಗಾಣುವಿಗೆ ಬದುಕಲು ಜೀವ ಇರುವ ಎಲೆಯೇ ಬೇಕು, ಗಿಡ ತನ್ನದೇ ನಾಲ್ಕು ಜೀವಕೋಶ ಸಾಯಿಸಿ ಅದರ ಊಟ ನಿಲ್ಲಿಸುತ್ತದೆ.

ಅಮೆರಿಕದವರು ದಶಕಗಟ್ಟಲೆ ಈ ರೋಗದ ಕಾಟವಿಲ್ಲದೆ ಸೌತೆ ಬೆಳೆದದ್ದು ಇಂಥ ಗುಣದಿಂದ. ಅದು ಸಿಕ್ಕಿದ್ದು ಭಾರತದಿಂದ ಹೋದ ಒಂದು ಬೀಜದಲ್ಲಿ, ಅವರ ಬೀಜಸಂಗ್ರಹದ ಪಟ್ಟಿಯಲ್ಲಿ ಅದಕ್ಕೆ ಪಿಐ 197087 ಎಂಬ ಸಂಖ್ಯೆ ಮಾತ್ರ. ಯಾವ ಊರಿನ ಯಾವ ಅಮ್ಮ ಒಲೆಯ ಬೂದಿ ಬೆರೆಸಿ ತೆಗೆದಿಟ್ಟ ಬೀಜವೋ. 2004ರಲ್ಲಿ ರೋಗದ ಹೊಸ ಬಗೆ ಬಂತು, ಆ ರಕ್ಷಣೆ ಮುರಿಯಿತು. ಇದನ್ನು ಯೋಚಿಸುವಾಗ ನನಗೆ ಹೊಟ್ಟೆಯೊಳಗೆ ಒಂದು ಸಂಕಟ.

ಬಾವಿಬದಿಯ ಬಳ್ಳಿಯಲ್ಲಿ ಬಲಿಯುತ್ತಿರುವ ಕಾಯಿ ಒಂದೇ. ಅದಕ್ಕೆ ಕೆಂಪು ನೂಲು ಕಟ್ಟಿದೆ.

"ಅದ್ಯಾಕೆ ಕಟ್ಟಿದ್ದು?" ಅಮ್ಮ ಒಳಗಿಂದಲೇ ಕೇಳಿದರು.

"ಬೀಜಕ್ಕೆ."

"ನಾಳೆ ನಿನ್ನ ಅಕ್ಕ ಬರ್ತಾಳೆ. ತೆಲ್ಲವು ದೋಸೆಗೆ ಅಂತ ನಾನು ಕಣ್ಣಿಟ್ಟದ್ದು ಅದು."

"ಬೇರೆ ಬಳ್ಳಿಯದ್ದು ಕೊಯ್ಯಿ ಅಮ್ಮ."

"ಬೇರೆದರಲ್ಲಿ ಎಂತ ಉಂಟು? ಎಲ್ಲ ಸೊಟ್ಟ."

ಹೌದು, ಎಲೆ ಹೋದ ಬಳ್ಳಿಯಲ್ಲಿ ಕಾಯಿ ಸೊಟ್ಟವೇ. ಅಮ್ಮ ಅಕ್ಕನಿಗಾಗಿ ಕೇಳಿದ್ದು, ನಾನು ದನಿ ಏರಿಸಬಾರದಿತ್ತು.

ಈಗ ರಾತ್ರಿ ಒಂಬತ್ತೂವರೆ. ಮಳೆ ಮತ್ತೆ ಹಿಡಿದಿದೆ. ಆ ಬಳ್ಳಿ ಉಳಿದದ್ದು ಅದರ ಗುಣದಿಂದಲೋ, ಬಾವಿಯ ಕಡೆ ಮರವಿಲ್ಲದೆ ಬೆಳಗಿನ ಬಿಸಿಲು ಮೊದಲು ಬೀಳುವುದರಿಂದಲೋ ನನಗೆ ಹೇಳಲು ಆಗುತ್ತಿಲ್ಲ. ಗುಣವೇ ಆದರೂ ಜೇನ್ನೊಣ ಪಕ್ಕದ ಬಳ್ಳಿಯ ಪರಾಗ ತಂದು ಹಾಕಿರುತ್ತದೆ, ಬೀಜ ಅರ್ಧ ಬೇರೆಯವರ ಮಗು. ಗೊತ್ತಾಗಬೇಕಾದರೆ ಮುಂದಿನ ಮಳೆಗಾಲದಲ್ಲಿ ಅದೇ ಬೀಜವನ್ನು ದನದ ಕೊಟ್ಟಿಗೆಯ ಹಿಂದೆ, ನೆರಳಲ್ಲಿ, ಎಲೆ ಒಣಗದ ಜಾಗದಲ್ಲಿ ಹಾಕಿ ನೋಡಬೇಕು. ಅದಕ್ಕೆ ಮೊದಲು ಕಾಯಿ ಬಳ್ಳಿಯಲ್ಲೇ ಹಣ್ಣಾಗಿ ಅರಸಿನ ಬಣ್ಣಕ್ಕೆ ತಿರುಗಬೇಕು.

ಅಡುಗೆಮನೆಯಲ್ಲಿ ಅಮ್ಮ ತೆಲ್ಲವಿಗೆ ಅಕ್ಕಿ ನೆನೆಹಾಕುವ ಸದ್ದು. ಸೌತೆ ಬದಲು ಬೇರೆ ಎಂತಾದರೂ ತುರಿದು ಹಾಕಬಹುದಾ ಎಂದು ಈಗಲೇ ಹೋಗಿ ಕೇಳಬೇಕು, ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಕತ್ತಿ ಹಿಡಿದು ಬಾವಿ ಕಡೆ